ಆ ನಿಧಾನವೇ ಕಾದಂಬರಿಯ ಜೀವ

ಸ್ಟೀಫನ್ ಕಿಂಗ್ ಅವರ 1975ರ ರಕ್ತಪಿಶಾಚಿ ಕಾದಂಬರಿ ‘ಸೇಲಮ್ಸ್ ಲಾಟ್’ನ ಮೊದಲರ್ಧ ಎಳೆದಾಡುತ್ತದೆ ಎಂಬ ಲೇಖನವೊಂದರ ಮಾತನ್ನು ನಾನು ಒಪ್ಪಲಾರೆ. ಅಮೆರಿಕದ ಮೇಯ್ನ್ ರಾಜ್ಯದ ಆ ಪುಟ್ಟ ಊರಿನ ಹಾಲಿನವನು, ದುರ್ಬೀನು ಹಿಡಿದು ಕೂತ ಚಾಡಿಕೋರ ಹೆಂಗಸು, ಕೂಸಿಗೆ ಹೊಡೆಯುವ ಎಳೇ ತಾಯಿ ನಮಗೆ ಗುರುತಾಗುವುದೇ ಆ ಪುಟಗಳಲ್ಲಿ. ಅದಕ್ಕೇ ಒಂದೊಂದೇ ಮನೆ ಕತ್ತಲಾಗುವಾಗ ಕರುಳು ಹಿಂಡುತ್ತದೆ. ಸತ್ತ ಹುಡುಗ ಡ್ಯಾನಿ ಕಿಟಕಿಯ ಗಾಜು ಕೆರೆಯುತ್ತಾ ಒಳಗೆ ಬಿಡು ಅನ್ನುವುದನ್ನು ಓದಿದ ರಾತ್ರಿ ನಾನು ಎದ್ದು ಚಿಲಕ ಮುಟ್ಟಿ ನೋಡಿದ್ದೆ. ಕೊರತೆ ಇರುವುದು ಸೂಸನ್ ಪಾತ್ರದಲ್ಲಿ. ಅಷ್ಟು ಚುರುಕಿನ ಹುಡುಗಿಯನ್ನು ಕಿಂಗ್ ರಕ್ತಪಿಶಾಚಿ ಅಡಗಿದ ಹಾಳು ಮನೆಗೆ ಕಳಿಸಿ ಬಲಿ ಕೊಟ್ಟುಬಿಟ್ಟರು. ಆದರೆ ರಕ್ತಪಿಶಾಚಿಯ ಎದುರು ಪಾದ್ರಿ ಕ್ಯಾಲಹನ್ ಕೈಯ ಶಿಲುಬೆಯ ಬೆಳಕು ಮಂಕಾಗುವ ಪುಟಗಳನ್ನು ಲೇಖನ ಬರೆದವರು ಯಾಕೆ ಮರೆತರೋ! ಇಡೀ ಪುಸ್ತಕದ ತೂಕ ಅಲ್ಲಿದೆ.