ತಾತನ ಕಾಲದ ಪಂಕ್ ಮೊಮ್ಮಗನಿಗೆ ಬೇಕೇ?

ಪರ

ಚರ್ಮದ ಜಾಕೆಟ್ಟು, ಸೇಫ್ಟಿ ಪಿನ್ನು, ಕೋಳಿ ಜುಟ್ಟಿನಂತೆ ನೆಟ್ಟಗೆ ನಿಂತ ಕೂದಲು. 1970ರ ದಶಕದ ಬ್ರಿಟನ್ನಿನಲ್ಲಿ ಅಬ್ಬರದ ಸಂಗೀತದ ಜೊತೆಗೇ ಬೆಳೆದ ಬಂಡುಕೋರ ಹುಡುಗರ ಈ ಪಂಕ್ ವೇಷ ಹದಿಹರೆಯದವರ ಮೈಮೇಲೆ ಆಗಾಗ ತಿರುಗಿ ಬರುತ್ತಲೇ ಇದೆ. ‘ಹಳೇ ಬಂಡಾಯ ನಿಮಗ್ಯಾಕೆ, ಹೊಸದು ಹುಡುಕಿಕೊಳ್ಳಿ’ ಅನ್ನುವವರು ಲಂಡನ್ನಿನ 430, ಕಿಂಗ್ಸ್ ರೋಡ್ ಕಥೆ ಕೇಳಬೇಕು.

1971ರಲ್ಲಿ ವಸ್ತ್ರವಿನ್ಯಾಸಕಿ ವಿವಿಯನ್ ವೆಸ್ಟ್‌ವುಡ್ ಮತ್ತು ಆಕೆಯ ಸಂಗಾತಿ ಮಾಲ್ಕಂ ಮೆಕ್‌ಲಾರೆನ್ ಅಲ್ಲಿ ಅಂಗಡಿ ಶುರು ಮಾಡಿದರು. ಆಗ ಮಾರುತ್ತಿದ್ದದ್ದು ಪಂಕ್ ಬಟ್ಟೆ ಅಲ್ಲ. 1950ರ ದಶಕದಲ್ಲಿ ಪುಂಡರು ಅನಿಸಿಕೊಂಡಿದ್ದ ಟೆಡ್ಡಿ ಬಾಯ್‌ಗಳ ಉದ್ದ ಕೋಟು! ಆ ಟೆಡ್ಡಿಗಳಾದರೂ ಸ್ವಂತದ್ದು ತೊಟ್ಟರಾ? 1901ರಿಂದ 1910ರವರೆಗೆ ಆಳಿದ ಏಳನೇ ಎಡ್ವರ್ಡ್ ದೊರೆಯ ಕಾಲದ ಸಿರಿವಂತರ ಉಡುಪನ್ನು ಕೂಲಿಕಾರರ ಮಕ್ಕಳು ಎತ್ತಿಕೊಂಡಿದ್ದರು. ದೊಡ್ಡವರಿಗೆ ಕೋಪ ಬಂದದ್ದೂ ಅದಕ್ಕೇ. ಕೋಟು ಹಳೆಯದೇ, ತೊಟ್ಟವರು ಬೇರೆ.

ಮುಂದೆ ಅದೇ ಅಂಗಡಿ ಹೆಸರು ಬದಲಿಸುತ್ತಾ ಹೋಗಿ ಪಂಕ್‌ನ ತವರಾಯಿತು. 1977ರಲ್ಲಿ ಅದೇ ಬೀದಿಯಲ್ಲಿ ಪಂಕ್ ಹುಡುಗರಿಗೂ ಟೆಡ್ಡಿ ವೇಷದವರಿಗೂ ಹೊಡೆದಾಟ. ಒಂದು ಕಾಲಕ್ಕೆ ಇಬ್ಬರಿಗೂ ಬಟ್ಟೆ ಕೊಟ್ಟದ್ದು ಒಂದೇ ಅಂಗಡಿ, ನೋಡಿ!

ಈ ವೇಷದ ಖಾರ ಇಳಿದಿದೆ ಅನ್ನುವುದೂ ಲಂಡನ್ನಿನಲ್ಲಿ ಕೂತವರ ಮಾತು. ಇಂಡೊನೇಷ್ಯಾದ ‘ಬಾಂದಾ ಆಚೆ’ ಎಂಬ ನಗರದಲ್ಲಿ 2011ರ ಡಿಸೆಂಬರಿನಲ್ಲಿ ಸಂಗೀತ ಕಾರ್ಯಕ್ರಮವೊಂದಕ್ಕೆ ಬಂದಿದ್ದ 60ಕ್ಕೂ ಹೆಚ್ಚು ಪಂಕ್‌ಗಳನ್ನು ಪೊಲೀಸರು ಹಿಡಿದರು. ಹುಡುಗರ ತಲೆ ಬೋಳಿಸಿದರು, ಕೊಳಕ್ಕಿಳಿಸಿ ಮೀಯಿಸಿದರು, ‘ತಿದ್ದುತ್ತೇವೆ’ ಅಂತ ಪೊಲೀಸ್ ಶಾಲೆಯಲ್ಲಿ ಇರಿಸಿಕೊಂಡರು. ಅವರು ಮಾಡಿದ್ದ ತಪ್ಪು? ಮೂವತ್ತು ವರ್ಷಕ್ಕೂ ಹಳೆಯ ಫ್ಯಾಷನ್. ಬರೀ ಅನುಕರಣೆ ಆಗಿದ್ದರೆ ಪೊಲೀಸರು ಇಷ್ಟು ತಲೆ ಕೆಡಿಸಿಕೊಳ್ಳುತ್ತಿದ್ದರಾ?

ವಿರೋಧ

ಇಂಡೊನೇಷ್ಯಾದ ಆ ಹುಡುಗರ ಬಗ್ಗೆ ತಕರಾರಿಲ್ಲ. ಅವರು ಆ ವೇಷಕ್ಕೆ ಬೆಲೆ ತೆತ್ತರು. ನಮ್ಮ ಮಾತು ಮಾಲ್‌ನಲ್ಲಿ ಕಾರ್ಡ್ ಉಜ್ಜಿ ಪಂಕ್ ಆಗುವವರ ಬಗ್ಗೆ.

1976ರ ಬ್ರಿಟನ್ನಿನಲ್ಲಿ ಕೆಲಸ ಇಲ್ಲದವರು ಹತ್ತು ಲಕ್ಷಕ್ಕೂ ಜಾಸ್ತಿ. ಕಿಂಗ್ಸ್ ರೋಡಿನ ಆ ಅಂಗಡಿ ಆಗಲೇ ದುಬಾರಿ. ಹಾಗಾಗಿ ಬಹಳಷ್ಟು ಹುಡುಗರು ಮನೆಯಲ್ಲೇ ಕೈಗೆ ಸಿಕ್ಕಿದ್ದನ್ನು ಹರಿದು, ಪಿನ್ನು ಚುಚ್ಚಿ, ಮೇಲೆ ಬಣ್ಣದಲ್ಲಿ ಗೀಚಿಕೊಂಡರು. ಕಸದ ಚೀಲಕ್ಕೆ ತೂತು ಮಾಡಿ ತೊಟ್ಟವರೂ ಇದ್ದರು. ಇರೋದರಲ್ಲೇ ಮಾಡಿಕೊಳ್ಳುವ ಆ ಹಟವೇ ಪಂಕ್. ಅದನ್ನು ಬಿಟ್ಟು ಪಿನ್ನು ಮಾತ್ರ ಇಟ್ಟುಕೊಂಡರೆ ಏನು ಬಂತು? 2013ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಪಂಕ್ ಉಡುಪಿನ ಪ್ರದರ್ಶನ ಇಟ್ಟಿತು. 2015ರಲ್ಲಿ ಬ್ರಿಟನ್ನಿನ ಬ್ಯಾಂಕೊಂದು ಸೆಕ್ಸ್ ಪಿಸ್ಟಲ್ಸ್ ಎಂಬ ಪಂಕ್ ಸಂಗೀತ ತಂಡದ ರೆಕಾರ್ಡುಗಳ ಮುಖಚಿತ್ರ ಇರುವ ಕ್ರೆಡಿಟ್ ಕಾರ್ಡ್ ತಂದಿತು. ಮರುವರ್ಷ ಪಂಕ್‌ನ 40ನೇ ವರ್ಷದ ಸಂಭ್ರಮ ನಡೆದಾಗ ವೆಸ್ಟ್‌ವುಡ್–ಮೆಕ್‌ಲಾರೆನ್ ಮಗ ಜೋ ಕೊರೆ ಸಿಟ್ಟಾಗಿ, ತನ್ನ ಬಳಿ ಇದ್ದ ಪಂಕ್ ಸಂಗ್ರಹವನ್ನು ಥೇಮ್ಸ್ ನದಿಯಲ್ಲಿ ದೋಣಿ ಮೇಲಿಟ್ಟು ಸುಟ್ಟ. ಅದರ ಬೆಲೆ 50 ಲಕ್ಷ ಪೌಂಡ್ ಅಂತ ಅವನೇ ಹೇಳಿಕೊಂಡ. ಸುಡುವುದು ಅತಿಯಾಯಿತು. ಸಿಟ್ಟು ಮಾತ್ರ ನ್ಯಾಯವಾದದ್ದೇ.

ಇನ್ನು ಹರಿದ, ಮಾಸಿದ ಜೀನ್ಸ್. ಹೊಸ ಬಟ್ಟೆಯನ್ನು ಹಳೆಯದು ಮಾಡಿ ಮಾರಲು ಕಾರ್ಖಾನೆಗಳು ರಭಸದಿಂದ ಮರಳು ಊದಿ ಉಜ್ಜುತ್ತಿದ್ದವು. ಆ ದೂಳು ಕುಡಿದು ಟರ್ಕಿಯ ಕಾರ್ಮಿಕರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ಹಿಡಿಯಿತು. ಎಷ್ಟೋ ಜನ ಚಿಕ್ಕ ವಯಸ್ಸಿನಲ್ಲೇ ಸತ್ತರು. 2009ರಲ್ಲಿ ಅಲ್ಲಿನ ಸರ್ಕಾರ ಆ ಕೆಲಸವನ್ನು ನಿಷೇಧಿಸಿತು. ಮರಳು ಬಿಟ್ಟರೂ ತೊಳೆತ ತಪ್ಪಲ್ಲ. ಬಣ್ಣ ಇಳಿಸೋಕೆ ಎಷ್ಟು ನೀರು ಬೇಕು ಅಂತ ಜೀನ್ಸ್‌ಗೆ ಹೆಸರಾದ ನಮ್ಮ ಬಳ್ಳಾರಿಯಲ್ಲೇ ಕೇಳಿ ನೋಡಿ. ಹರಿದದ್ದೇ ಬೇಕು ಅಂದರೆ ಅಣ್ಣನ ಹಳೇ ಪ್ಯಾಂಟು ಬೀರುವಿನಲ್ಲಿ ಬಿದ್ದಿರುತ್ತೆ, ಅಲ್ವಾ? ಕತ್ತರಿಯೂ ಮನೆಯಲ್ಲೇ ಇರುತ್ತೆ.