ಮಗುವಿನ ಮಂಚದ ಬಳಿ ನಿರ್ಧಾರ ಯಾರದು?

ಕರ್ನಾಟಕದಲ್ಲಿ ನರ್ಸುಗಳು ಹೆಚ್ಚು ಓದಿದಷ್ಟೂ ರೋಗಿಯಿಂದ ದೂರ ಸರಿಯುತ್ತಾರೆ. ಒರಟಾಗಿ ಕೇಳಿಸಬಹುದು, ಆದರೆ ನನ್ನ ಜೊತೆ ಓದಿದವರನ್ನು ನೋಡಿಯೇ ಹೇಳುತ್ತಿದ್ದೇನೆ. ಮಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಮುಗಿಸಿದ ನಮ್ಮ ತಂಡದಲ್ಲಿ ಮಕ್ಕಳ ವಾರ್ಡಿಗೆ ಹೇಳಿ ಮಾಡಿಸಿದಂಥ ಕೆಲವರಿದ್ದರು. ಮೂರು ಕಿಲೋ ತೂಗುವ ಕೂಸಿನ ಕಣ್ಣಿಗೆ ಕಾಣದ ರಕ್ತನಾಳಕ್ಕೂ ಒಂದೇ ಸಲಕ್ಕೆ ಸೂಜಿ ಹಾಕುತ್ತಿದ್ದವರು. ಅವರು ಮಕ್ಕಳ ಶುಶ್ರೂಷೆಯಲ್ಲಿ ಎರಡು ವರ್ಷದ ಎಂಎಸ್ಸಿ ಮಾಡಿದರು. ಈಗ ನರ್ಸಿಂಗ್ ಕಾಲೇಜುಗಳಲ್ಲಿ ಪಾಠ ಹೇಳುತ್ತಾರೆ, ಇಂಟರ್ನಲ್ ಅಂಕ ಹಾಕುತ್ತಾರೆ. ಅವರನ್ನು ದೂರುವಂತಿಲ್ಲ. ವಾರ್ಡಿನಲ್ಲಿ ಆ ಓದಿಗೆ ತಕ್ಕ ಹುದ್ದೆಯೂ ಇಲ್ಲ, ಸಂಬಳವೂ ಇಲ್ಲ.

ನಾನಿರುವ ಅಮೆರಿಕದ ಟೆಕ್ಸಸ್ ರಾಜ್ಯದ ಹ್ಯೂಸ್ಟನ್ನಿನಲ್ಲಿ ಅದೇ ಮಟ್ಟದ ಓದು ನರ್ಸನ್ನು ಮಂಚದ ಇನ್ನಷ್ಟು ಹತ್ತಿರಕ್ಕೆ ತಂದು ನಿಲ್ಲಿಸುತ್ತದೆ. ತೀವ್ರ ಕಾಯಿಲೆಯ ಮಕ್ಕಳಿಗೆಂದೇ ತರಬೇತಾದ ನರ್ಸ್ ಪ್ರಾಕ್ಟೀಷನರ್ ಐಸಿಯುನಲ್ಲಿ ಮಗುವನ್ನು ಪರೀಕ್ಷಿಸುತ್ತಾರೆ, ಔಷಧ ಬರೆಯುತ್ತಾರೆ, ವೆಂಟಿಲೇಟರಿನ ಲೆಕ್ಕ ಬದಲಿಸುತ್ತಾರೆ, ಆಸ್ಪತ್ರೆ ಅನುಮತಿ ಕೊಟ್ಟಿದ್ದರೆ ಬೆನ್ನುಹುರಿಯ ನೀರನ್ನೂ ತೆಗೆಯುತ್ತಾರೆ. ನಾನೂ ಆ ಓದನ್ನು ಇಲ್ಲಿಯೇ ಮುಗಿಸಿದವನು.

ಇದು ಅಮೆರಿಕನ್ನರಿಗೆ ನರ್ಸುಗಳ ಮೇಲೆ ಇರುವ ವಿಶೇಷ ಪ್ರೀತಿಯಿಂದ ಬಂದದ್ದಲ್ಲ. 1965ರಲ್ಲಿ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್ ಮತ್ತು ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರು ಸೇರಿ ಮೊದಲ ಕೋರ್ಸ್ ಆರಂಭಿಸಿದ್ದು ಹಳ್ಳಿಗಾಡಿನ ಮಕ್ಕಳಿಗೆ ವೈದ್ಯರು ಸಿಗುತ್ತಿರಲಿಲ್ಲ ಎಂಬ ಕಾರಣಕ್ಕೆ. ವಿರೋಧ ವೈದ್ಯರಿಂದಷ್ಟೇ ಅಲ್ಲ, ನರ್ಸಿಂಗ್ ಅಧ್ಯಾಪಕರಿಂದಲೂ ಬಂತು. ಮುಂದೆ 2003ರಲ್ಲಿ ತರಬೇತಿಯಲ್ಲಿರುವ ಕಿರಿಯ ವೈದ್ಯರನ್ನು ವಾರಕ್ಕೆ 80 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ ಎಂಬ ನಿಯಮ ದೇಶದಾದ್ಯಂತ ಜಾರಿಯಾಯಿತು. ರಾತ್ರಿ ಪಾಳಿಯಲ್ಲಿ ಜಾಗ ಖಾಲಿ ಬಿತ್ತು. ಮಕ್ಕಳ ಐಸಿಯುಗಳಲ್ಲಿ ಆ ಜಾಗವನ್ನು ತುಂಬಿದವರಲ್ಲಿ ನರ್ಸ್ ಪ್ರಾಕ್ಟೀಷನರುಗಳೂ ಇದ್ದರು. 2005ರಿಂದ ಅವರಿಗೆ ಪ್ರತ್ಯೇಕ ಪ್ರಮಾಣೀಕರಣ ಪರೀಕ್ಷೆಯೂ ಬಂತು. ಲಸಿಕೆ, ಬೆಳವಣಿಗೆ, ಕಿವಿನೋವು ನೋಡುವ ಮಕ್ಕಳ ಪ್ರಾಕ್ಟೀಷನರದು ಒಂದು ಪ್ರಮಾಣಪತ್ರ, ವೆಂಟಿಲೇಟರಿನ ಮೇಲಿರುವ ಮಗುವನ್ನು ನೋಡುವವರದು ಇನ್ನೊಂದು.

ನರ್ಸ್ ಪ್ರಾಕ್ಟೀಷನರ್ ಆಗುವ ದಾರಿ ಹೀಗೆ: ಮೊದಲು ಬಿಎಸ್ಸಿ, ನರ್ಸಿಂಗ್ ಲೈಸೆನ್ಸ್. ಬಳಿಕ ಸ್ನಾತಕೋತ್ತರ ಪದವಿ ಅಥವಾ ವೃತ್ತಿಪರ ಡಾಕ್ಟರೇಟ್. ಅದರಲ್ಲಿ ರೋಗಶರೀರಶಾಸ್ತ್ರ, ಔಷಧಶಾಸ್ತ್ರ, ದೇಹಪರೀಕ್ಷೆ ಎಂಬ ಮೂರು ಗಟ್ಟಿ ವಿಷಯಗಳು. ಇದನ್ನೆಲ್ಲ ಪುಸ್ತಕ ಇಟ್ಟುಕೊಂಡು ಯಾರಾದರೂ ಓದಿಯಾರು. ಕಲಿಕೆ ನಡೆಯುವುದು ಮಾರ್ಗದರ್ಶಕರ ಪಕ್ಕದಲ್ಲಿ ಕಳೆಯುವ ಗಂಟೆಗಳಲ್ಲಿ. 2022ರ ರಾಷ್ಟ್ರೀಯ ಮಾನದಂಡದ ಪ್ರಕಾರ ರೋಗಿಗಳನ್ನು ನೇರವಾಗಿ ನೋಡುವ ಕನಿಷ್ಠ 750 ಗಂಟೆ ಬೇಕು.

ಆ ಗಂಟೆಗಳಲ್ಲಿ ಏನಾಗುತ್ತದೆ ಎಂಬುದಕ್ಕೆ ಒಂದು ರಾತ್ರಿಯ ಮಾತುಕತೆ ಹೇಳುತ್ತೇನೆ. ಚಳಿಗಾಲ, ಕೂಸುಗಳ ಉಸಿರಾಟವನ್ನು ಕಾಡುವ ಆರ್‌ಎಸ್‌ವಿ ವೈರಾಣುವಿನ ಕಾಲ, ಏಳು ಕಿಲೋ ತೂಕದ ಹಸುಳೆ. (ಬೇರೆಲ್ಲ ಕಡೆ ಪೌಂಡು ಎನ್ನುವ ಈ ದೇಶ ಮಕ್ಕಳ ವಾರ್ಡಿನಲ್ಲಿ ಕಿಲೋಗೆ ಬರುತ್ತದೆ, ಔಷಧದ ಲೆಕ್ಕವೆಲ್ಲ ಕಿಲೋದಲ್ಲಿ.) ನಾನು ಒಪ್ಪಿಸಿದೆ: ಉಸಿರು ನಿಮಿಷಕ್ಕೆ 70, ಪಕ್ಕೆಲುಬುಗಳ ನಡುವೆ ಚರ್ಮ ಒಳಕ್ಕೆ ಎಳೆಯುತ್ತಿದೆ, ಹಾಲು ಕುಡಿಯುತ್ತಿಲ್ಲ.

“ಇದನ್ನು ನರ್ಸ್ ಆಗಿದ್ದಾಗಲೂ ಹೇಳುತ್ತಿದ್ದೆಯಲ್ಲ, ಈಗೇನು ಮಾಡುತ್ತೀಯ?” ಎಂದರು ಮಾರ್ಗದರ್ಶಕಿ.

ಬಾಯಿಂದ ಹಾಲು ನಿಲ್ಲಿಸಿ ಡ್ರಿಪ್ ಹಾಕುತ್ತೇನೆ, ಮೂಗಿನ ನಳಿಕೆಯ ಆಮ್ಲಜನಕದ ಹರಿವನ್ನು ನಿಮಿಷಕ್ಕೆ ಏಳು ಲೀಟರಿನಿಂದ 14ಕ್ಕೆ ಏರಿಸುತ್ತೇನೆ, ಒಂದು ಗಂಟೆ ಬಿಟ್ಟು ನೋಡುತ್ತೇನೆ ಎಂದೆ.

“ಆಗ ಉಸಿರು 40ಕ್ಕೆ ಇಳಿದಿದ್ದರೆ?”

“ಸುಧಾರಿಸಿದೆ ಎಂದರ್ಥ.”

“ಅಥವಾ ದಣಿದು ಸೋಲುತ್ತಿದೆ ಎಂದರ್ಥ. ಎರಡರಲ್ಲಿ ಯಾವುದು ಎಂದು ಹೇಗೆ ಹೇಳುತ್ತೀಯ?”

ಮಗು ಎಚ್ಚರವಾಗಿದೆಯೇ, ಅಳುತ್ತದೆಯೇ, ಎದೆಯೊಳಗೆ ಗಾಳಿ ಹೋಗುವ ಸದ್ದು ಹೇಗಿದೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿದೆಯೇ ಎಂದು ಅರ್ಧ ಗಂಟೆ ವಾದವಾಯಿತು. ಬೆಂಗಳೂರಿನ ನೌಕರಿಯಲ್ಲಿ ಇಂಥ ಪ್ರಶ್ನೆ ನನ್ನವರೆಗೆ ಬಂದದ್ದೇ ಇಲ್ಲ. “ಡ್ಯೂಟಿ ಡಾಕ್ಟರಿಗೆ ತಿಳಿಸಲಾಗಿದೆ” ಎಂದು ಕೇಸ್ ಶೀಟಿನಲ್ಲಿ ಸಮಯ ಹಾಕಿ ಬರೆದರೆ ನನ್ನ ಜವಾಬ್ದಾರಿ ಮುಗಿಯಿತು.

ಹಾಗೆಂದು ನಮ್ಮ ಸಿಸ್ಟರುಗಳಿಗೆ ಕಣ್ಣಿಲ್ಲವೆಂದಲ್ಲ. ಮಳೆಗಾಲದಲ್ಲಿ ಡೆಂಗಿ ಮಕ್ಕಳ ವಾರ್ಡಿಗೆ ಹೋಗಿ ನೋಡಿ. ಜ್ವರ ಇಳಿಯಿತೆಂದು ತಾಯಿ ನಿಟ್ಟುಸಿರು ಬಿಡುವ ಹೊತ್ತಿಗೆ ಅನುಭವಿ ಸಿಸ್ಟರ್ ಹತ್ತಿರ ಬರುತ್ತಾರೆ, ಏಕೆಂದರೆ ಅಪಾಯ ಶುರುವಾಗುವುದು ಆಗಲೇ. ಪಾದ ಮುಟ್ಟಿ ತಣ್ಣಗಿದೆಯೇ ನೋಡುತ್ತಾರೆ, ಉಗುರು ಒತ್ತಿ ಬಿಟ್ಟು ಬಣ್ಣ ಮರಳುವುದನ್ನು ಎಣಿಸುತ್ತಾರೆ, ರಕ್ತದೊತ್ತಡದ ಮೇಲಿನ ಅಂಕಿಗೂ ಕೆಳಗಿನ ಅಂಕಿಗೂ ಇರುವ ಅಂತರ 20ಕ್ಕೆ ಕುಗ್ಗುತ್ತಿದೆಯೇ ಎಂದು ಗಮನಿಸುತ್ತಾರೆ. ಇಲ್ಲಿನ ನನ್ನ ಸಹೋದ್ಯೋಗಿಗಳಲ್ಲಿ ಅನೇಕರು ಡೆಂಗಿಯಿಂದ ರಕ್ತಸಂಚಾರ ಕುಸಿಯುವ ಆಘಾತವನ್ನು (ಶಾಕ್) ಕಂಡವರೇ ಅಲ್ಲ. ಆದರೆ ಕಂಡ ಮೇಲೆ ದ್ರವ ಎಷ್ಟು, ಯಾವ ವೇಗದಲ್ಲಿ ಎಂದು ಹೇಳುವ ಅಧಿಕಾರ ನಮ್ಮ ಸಿಸ್ಟರಿಗಿಲ್ಲ. ಎಷ್ಟೋ ಖಾಸಗಿ ನರ್ಸಿಂಗ್ ಹೋಮುಗಳಲ್ಲಿ ಆ ರಾತ್ರಿಯ ಡ್ಯೂಟಿ ಡಾಕ್ಟರ್ ಆಯುರ್ವೇದವನ್ನೋ ಹೋಮಿಯೋಪತಿಯನ್ನೋ ಓದಿದವರು. ಐಸಿಯು ಅವರ ಪಠ್ಯದ ವಿಷಯವಲ್ಲ. ಹತ್ತು ವರ್ಷ ಐಸಿಯುನಲ್ಲಿ ಸವೆದವರು ಅವರ ಆದೇಶಕ್ಕೆ ಕಾಯುತ್ತಾರೆ. ಇದನ್ನು ಸುರಕ್ಷತೆ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಕಥೆ ಬೇರೆ. ಅಲ್ಲಿ ರಾತ್ರಿಯನ್ನು ಹೊರುವವರು ಪಿಜಿ ಓದುತ್ತಿರುವ ಕಿರಿಯ ವೈದ್ಯರು, 36 ಗಂಟೆ ಕಣ್ಣು ಮುಚ್ಚದೆ. ಅವರು ಹಾಗೆ ದುಡಿಯುವವರೆಗೆ ನರ್ಸ್ ಪ್ರಾಕ್ಟೀಷನರ್ ಬೇಕೆಂದು ಯಾವ ಆಡಳಿತಕ್ಕೂ ಅನ್ನಿಸುವುದಿಲ್ಲ.

ಭಾರತದಲ್ಲಿ ಏನೂ ಆಗಿಲ್ಲ ಎನ್ನುವಂತಿಲ್ಲ. ತೀವ್ರ ನಿಗಾ ವಿಭಾಗಕ್ಕಾಗಿ ನರ್ಸ್ ಪ್ರಾಕ್ಟೀಷನರ್ ಎಂಬ ಎರಡು ವರ್ಷದ ರೆಸಿಡೆನ್ಸಿ ಕೋರ್ಸನ್ನು ಭಾರತೀಯ ಶುಶ್ರೂಷಾ ಪರಿಷತ್ತು ರೂಪಿಸಿದೆ. ಅದರಲ್ಲಿ ಹೆಚ್ಚೂ ಕಡಿಮೆ ಐದರಲ್ಲಿ ನಾಲ್ಕು ಪಾಲು ಐಸಿಯು ಕೆಲಸ. ಹಾಸಿಗೆಯ ಪಕ್ಕದ ಗಂಟೆಗಳ ಲೆಕ್ಕದಲ್ಲಿ ಅಮೆರಿಕದ 750 ಅದರ ಮುಂದೆ ಏನೇನೂ ಅಲ್ಲ. ಮುಗಿಸಿ ಬಂದವರಿಗೆ ಆಸ್ಪತ್ರೆಯ ಹುದ್ದೆಗಳ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಅವರು ಮತ್ತೆ ಸ್ಟಾಫ್ ನರ್ಸೇ. ಇನ್ನೊಂದು ವಿಚಿತ್ರ ನೋಡಿ: ಹಳ್ಳಿಯ ಉಪಕೇಂದ್ರದಲ್ಲಿ ಆರು ತಿಂಗಳ ಹೆಚ್ಚಿನ ತರಬೇತಿ ಪಡೆದ ನರ್ಸನ್ನು ಸಮುದಾಯ ಆರೋಗ್ಯ ಅಧಿಕಾರಿ ಎಂದು ಕೂರಿಸಿ ಮಾತ್ರೆ ಕೊಡಲು ಸರ್ಕಾರವೇ ಒಪ್ಪಿದೆ. ಕೂಗಿದರೆ ವೈದ್ಯರು ಸಿಗುವ ನಗರದ ಐಸಿಯುನಲ್ಲಿ ಎರಡು ವರ್ಷ ತರಬೇತಾದವರನ್ನು ನಂಬಲು ಹಿಂಜರಿಕೆ.

ಅಮೆರಿಕವನ್ನು ಹಾಗೆಯೇ ನಕಲು ಮಾಡಿ ಎಂದು ನಾನು ಹೇಳುವುದಿಲ್ಲ. ಟೆಕ್ಸಸ್‌ನಲ್ಲಿ ನಾನು ಔಷಧ ಬರೆಯಬೇಕಾದರೆ ವೈದ್ಯರೊಡನೆ ಲಿಖಿತ ಒಪ್ಪಂದ ಬೇಕು. ಗಡಿ ದಾಟಿ ನ್ಯೂ ಮೆಕ್ಸಿಕೋಗೆ ಹೋದರೆ ಬೇಡ. ಅದೇ ಓದು, ಅದೇ ಪರೀಕ್ಷೆ. ಶುಲ್ಕಕ್ಕೆ ಮಾಡಿದ ಸಾಲ ವರ್ಷಗಟ್ಟಲೆ ಬೆನ್ನು ಬಿಡುವುದಿಲ್ಲ. ಆನ್‌ಲೈನ್ ಕೋರ್ಸುಗಳು ಕೆಲವು ಶುಲ್ಕ ಕಟ್ಟಿಸಿಕೊಂಡು ಮಾರ್ಗದರ್ಶಕರನ್ನು ನೀವೇ ಹುಡುಕಿಕೊಳ್ಳಿ ಎನ್ನುತ್ತವೆ. ವಾರ್ಡಿನಲ್ಲಿ ಒಂದೆರಡು ವರ್ಷವೂ ಪಳಗದವರನ್ನು ಸೇರಿಸಿಕೊಳ್ಳುವ ಕಡೆಗಳೂ ಇವೆ, ಅದು ನನಗೆ ಸುತರಾಂ ಒಪ್ಪಿಗೆಯಿಲ್ಲ.

ಇದರಲ್ಲಿ ನಮ್ಮವರ ಮನೋಭಾವದ ಪಾಲೂ ಇದೆ. ಇಲ್ಲಿನ ಕನ್ನಡಿಗರ ಯುಗಾದಿ ಊಟದ ಪಂಕ್ತಿಯಲ್ಲಿ “ಯಾವ ಕಂಪನಿ ಸಾರ್?” ಎಂದು ಕೇಳಿದವರು ನರ್ಸ್ ಎಂದೊಡನೆ ಕೋಸಂಬರಿಯ ಕಡೆ ತಿರುಗುತ್ತಾರೆ. ಔಷಧ ಬರೆಯುತ್ತೇನೆಂದರೆ “ಹಾಗಾದರೆ ಡಾಕ್ಟರೇ ಅನ್ನಿ” ಎಂದು ಬಡ್ತಿ ಕೊಡುತ್ತಾರೆ. ನರ್ಸ್ ಆಗಿದ್ದುಕೊಂಡೇ ನಿರ್ಧರಿಸುವವರಿಗೆ ಅವರ ಲೆಕ್ಕದಲ್ಲಿ ಜಾಗವಿಲ್ಲ. ಊರಿನ ಆಸ್ಪತ್ರೆಗಳ ಲೆಕ್ಕವೂ ಹೆಚ್ಚು ಬೇರೆಯಲ್ಲ.

1947ರ ಶುಶ್ರೂಷಾ ಪರಿಷತ್ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸ ಆಯೋಗದ ಕಾಯ್ದೆ ಬಂದಿದೆ. ಮಕ್ಕಳ ಐಸಿಯುಗೆಂದೇ ಒಂದು ರೆಸಿಡೆನ್ಸಿ ತೆರೆಯುವುದಾದರೆ ಕೆಲಸ ಕಾಲೇಜಿನ ಸೀಟುಗಳಿಂದ ಶುರುವಾಗಬಾರದು. ಮೊದಲು ಜಿಲ್ಲಾಸ್ಪತ್ರೆಯ ಹುದ್ದೆಗಳ ಪಟ್ಟಿಯಲ್ಲಿ ಒಂದು ಸಾಲು, ಅದಕ್ಕೊಂದು ವೇತನ ಶ್ರೇಣಿ, ಯಾವ ಔಷಧವನ್ನು ಕಿಲೋಗೆ ಎಷ್ಟರವರೆಗೆ ಸ್ವಂತ ಸಹಿಯಲ್ಲಿ ಕೊಡಬಹುದು, ಯಾವ ಹಂತದಲ್ಲಿ ವೈದ್ಯರನ್ನು ಕರೆಯಲೇಬೇಕು ಎಂಬ ಲಿಖಿತ ನಿಯಮ. ಸೀಟುಗಳನ್ನು ಆಮೇಲೆ ಹಂಚಿದರೆ ಸಾಕು.