ಕೈತೋಟದ ಮುಯ್ಯಾಳು

ಬಡಾವಣೆಯವರೆಲ್ಲ ಸೇರಿ ಖಾಲಿ ಜಾಗದಲ್ಲಿ ತರಕಾರಿ ಬೆಳೆಯಲು ಹೊರಟರೆ ಮೊದಲ ದಿನ ಗುದ್ದಲಿಗಿಂತ ಜನವೇ ಹೆಚ್ಚು. ಮಡಿ ಮಾಡುವ ದಿನ, ಬೀಜ ಹಾಕುವ ದಿನ, ಕೊನೆಗೆ ಕೀಳುವ ದಿನ ಜಾತ್ರೆಯೋ ಜಾತ್ರೆ. ನಡುವಿನ ಮೂರು ತಿಂಗಳು ಕಳೆ, ಹುಳು, ನೀರು. ಆಗ ಗೇಟಿನ ಚಿಲಕ ತೆಗೆಯುವವರೇ ಇರುವುದಿಲ್ಲ. ಇದಕ್ಕೆ ಸೋಮಾರಿತನಕ್ಕಿಂತ ನಾವಿಟ್ಟ ಹೆಸರೇ ಹೆಚ್ಚು ಕಾರಣ. ‘ಶ್ರಮದಾನ’ ಅಂದುಬಿಡುತ್ತೇವೆ. ದಾನ ಅಂದ ಮೇಲೆ ಕೊಟ್ಟರೆ ಕೊಟ್ಟರು, ಬಿಟ್ಟರೆ ಬಿಟ್ಟರು. “ಯಾಕ್ ಸಾರ್, ಭಾನುವಾರ ಬರ್ಲೇ ಇಲ್ಲ?” ಅಂತ ದಾನಿಯನ್ನು ಯಾವ ಬಾಯಲ್ಲಿ ಕೇಳುವುದು?

ಹಾಸನದ ಸುತ್ತಲ ಹಳ್ಳಿಗಳಲ್ಲಿ ಇದಕ್ಕೊಂದು ಗಟ್ಟಿ ಮಾತಿದೆ: ಮುಯ್ಯಾಳು. ನಿಮ್ಮ ನಾಟಿಗೆ ನಮ್ಮನೆಯಿಂದ ಇಬ್ಬರು ಬಂದರೆ ನಮ್ಮ ನಾಟಿಗೆ ನಿಮ್ಮನೆಯಿಂದ ಇಬ್ಬರು ಬರಬೇಕು. ಕೂಲಿ ಇಲ್ಲ, ಊಟ ಉಂಟು. ದುಡ್ಡು ಕೊಟ್ಟು ಕೈ ತೊಳೆದುಕೊಳ್ಳುವ ಹಾಗಿಲ್ಲ, ಆಳಿಗೆ ಆಳೇ. ಮದುವೆ ಮನೆಯಲ್ಲಿ ಮುಯ್ಯಿ ಬರೆಯಲು ಒಬ್ಬರು ನೋಟ್‌ಬುಕ್ ಹಿಡಿದು ಕೂರುತ್ತಾರಲ್ಲ, ಕೈತೋಟಕ್ಕೂ ಬೇಕಾದದ್ದು ಅದೇ ನೋಟ್‌ಬುಕ್ಕು. ಒಂದು ಗಂಟೆ ಕೆಲಸಕ್ಕೆ ಒಂದು ಗೆರೆ. ಬಗ್ಗಲಾರದ ಹಿರಿಯರು ಕುರ್ಚಿ ಹಾಕಿಕೊಂಡು ಬಿತ್ತನೆ ಗೆಡ್ಡೆ ಕತ್ತರಿಸಿದರೂ ಒಂದು ಗೆರೆಯೇ. ಅಗೆಯುವವರ ಗಂಟೆ ದೊಡ್ಡದೋ ಕತ್ತರಿಸುವವರ ಗಂಟೆ ದೊಡ್ಡದೋ ಎಂಬ ಚರ್ಚೆ ಶುರುವಾದರೆ ಆ ತೋಟದಲ್ಲಿ ಮಾತೊಂದೇ ಬೆಳೆಯುವುದು.

ಜಾಗದ ವಿಷಯ ಬೇಗ ಮುಗಿಸೋಣ. ಮನೆಗೊಂದು 10 ಅಡಿ ಉದ್ದ, 10 ಅಡಿ ಅಗಲದ ತುಂಡು ಸಾಕು. ಹಾಸನ ಅರೆಮಲೆನಾಡು. ಸಕಲೇಶಪುರದಷ್ಟು ಹುಯ್ಯುವುದಿಲ್ಲ, ಅರಸೀಕೆರೆಯಷ್ಟು ಒಣಗುವುದೂ ಇಲ್ಲ. ಆದರೂ ಮುಂಗಾರಿನಲ್ಲಿ ನೀರು ನಿಲ್ಲುವುದರಿಂದ ಮಡಿ ನೆಲಕ್ಕಿಂತ 6–8 ಇಂಚು ಎತ್ತರ ಇರಬೇಕು. ಅಗಲ 4 ಅಡಿ ದಾಟಿದರೆ ನಡುವಿನ ಕಳೆಗೆ ಕೈ ಎಟುಕದೆ ಮಡಿ ತುಳಿಯಬೇಕಾಗುತ್ತದೆ. ಆ ತುಂಡಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ 20–25 ಕೆಜಿ. ಅಗ್ಗಕ್ಕೆ ಸಿಕ್ಕಿತೆಂದು ಹಸಿ ಸಗಣಿ ಸುರಿದರೆ ಅದರ ಜೊತೆಗೆ ಗೊಣ್ಣೆಹುಳುವೂ ಬಂದು ಬೇರು ಕಡಿಯುತ್ತದೆ. ಗಿಡ ಬಾಡಿತೆಂದು ನೀರು ಹಾಕುತ್ತಾ ಕೂರುವವರಿಗೆ, ಎಳೆದರೆ ಬೇರಿಲ್ಲದ ಗಿಡ ಕೈಗೆ ಬಂದಾಗಲೇ ವಿಷಯ ಗೊತ್ತಾಗುವುದು.

ಹಾಸನದಲ್ಲಿ ಕೈತೋಟವೆಂದರೆ ಆಲೂಗೆಡ್ಡೆ ಇಲ್ಲದೆ ಆಗದು. ಬೇಸಗೆ ಕೊನೆಯಲ್ಲಿ ಜಲಂಧರ್ ಕಡೆಯ ಬಿತ್ತನೆ ಗೆಡ್ಡೆಯ ಮೂಟೆಗಳು ಎಪಿಎಂಸಿ ಅಂಗಳಕ್ಕೆ ಬಂದಿಳಿದರೆ ಊರಿಗೇ ಗೊತ್ತಾಗುತ್ತದೆ. ಮನೆಗೆ ಎರಡೂವರೆ ಕೆಜಿ ಬೇಕು, ಮಾರುವುದು ಮೂಟೆ ಲೆಕ್ಕದಲ್ಲಿ. ಹಾಗಾಗಿ 20 ಮನೆ ಸೇರಿ ಒಂದು ಮೂಟೆ ಹಂಚಿಕೊಳ್ಳುವುದೇ ಸರಿ. ಗೆಡ್ಡೆ ದೊಡ್ಡದಿದ್ದರೆ ತುಂಡಿಗೆ ಎರಡು ಕಣ್ಣಾದರೂ ಇರುವಂತೆ ಕತ್ತರಿಸಿ, ಎರಡು ಮೂರು ದಿನ ನೆರಳಲ್ಲಿ ಹರಡಿ ಗಾಯ ಒಣಗಿಸಬೇಕು. ಕತ್ತರಿಸಿದ ದಿನವೇ ನೆಟ್ಟು, ಸಂಜೆ ರೋಹಿಣಿ ಮಳೆ ಜಡಿದರೆ ನೆಲದೊಳಗೆ ಕೊಳೆತ ಪಲ್ಯ. ಸಾಲಿಂದ ಸಾಲಿಗೆ 2 ಅಡಿ, ಗಿಡದಿಂದ ಗಿಡಕ್ಕೆ 8 ಇಂಚು. 25–30 ದಿನಕ್ಕೆ ಬುಡಕ್ಕೆ ಮಣ್ಣು ಏರಿಸಲೇಬೇಕು. ಬಿಸಿಲು ಕಂಡ ಗೆಡ್ಡೆ ಹಸಿರಾಗುತ್ತದೆ, ಕಹಿಯಾಗುತ್ತದೆ, ತಿನ್ನಲು ಬಾರದು.

ಮುಯ್ಯಾಳು ಬೇಕೆನಿಸುವುದು ಇದರ ಮುಂದೆ. ಮೋಡ ಕವಿದು, ಚಳಿ ಹಿಡಿದು, ಎಲೆ ದಿನಗಟ್ಟಲೆ ಒದ್ದೆಯಿದ್ದರೆ ಅಂಗಮಾರಿ ಬರುತ್ತದೆ. ಮೊದಲು ಎಲೆ ತುದಿಯಲ್ಲಿ ಬಿಸಿನೀರು ಚೆಲ್ಲಿದಂಥ ಕಲೆ. ಬೆಳಿಗ್ಗೆ ಎಲೆ ಮಗುಚಿ ನೋಡಿದರೆ ಕಲೆಯ ಅಂಚಿಗೆ ಬಿಳಿ ಬೂಷ್ಟು. ಒಂದು ವಾರ ಬಿಟ್ಟರೆ ಮಡಿಗೆ ಬೆಂಕಿ ಇಟ್ಟಂತೆ. ಪಕ್ಕದ ತುಂಡಿನವರು ಟೊಮೆಟೊ ಹಾಕಿದ್ದರೆ ಅದಕ್ಕೂ ಇದೇ ರೋಗ, ಎರಡೂ ಒಂದೇ ಕುಲ. ಅದಕ್ಕೇ ಆಲೂಗೆಡ್ಡೆ, ಟೊಮೆಟೊ ಅಕ್ಕಪಕ್ಕ ಬೇಡ, ಒಂದರ ಜಾಗಕ್ಕೆ ಮುಂದಿನ ವರ್ಷ ಇನ್ನೊಂದೂ ಬೇಡ.

ರೋಗ ಬರುವ ಮೊದಲೇ ಹೊಡೆಯಲು ಶೇ 1ರ ಬೋರ್ಡೋ ದ್ರಾವಣ. ಕಾಫಿ ತೋಟದ ಕಡೆಯವರಿಗೆ ಇದು ಸಾರು ಮಾಡಿದಷ್ಟೇ ಸಲೀಸು, ಪೇಟೆಯವರಿಗೆ ಹೇಳಿಕೊಡಬೇಕು. 100 ಗ್ರಾಂ ಮೈಲುತುತ್ತ (ಕಾಪರ್ ಸಲ್ಫೇಟ್) 5 ಲೀಟರ್ ನೀರಲ್ಲಿ, 100 ಗ್ರಾಂ ಸುಣ್ಣ ಇನ್ನೊಂದು 5 ಲೀಟರ್‌ನಲ್ಲಿ, ಎರಡೂ ಪ್ಲಾಸ್ಟಿಕ್ ಬಕೆಟ್. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು, ಉಲ್ಟಾ ಅಲ್ಲ. ಆಮೇಲೆ ಹೊಳೆಯುವ ಕಬ್ಬಿಣದ ಚಾಕು ಅದ್ದಿ ಒಂದು ನಿಮಿಷ ಹಿಡಿಯಿರಿ. ಚಾಕುವಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ಎಲೆ ಸುಡುತ್ತದೆ. ಕೆಂಪು ಕೂರದಷ್ಟು ಸುಣ್ಣದ ನೀರು ಸೇರಿಸಿ ಅವತ್ತೇ ಹೊಡೆದು ಮುಗಿಸಬೇಕು. ಎಲೆಯ ಕೆಳಭಾಗ ನೆನೆಯದಿದ್ದರೆ ಹೊಡೆದೂ ದಂಡ. ಕೀಳಲಿಕ್ಕೆ ಬಂದ ಸೊಪ್ಪಿನ ಮಡಿಯ ಹತ್ತಿರ ಸುಳಿಯಲೂ ಬೇಡಿ. 10 ಲೀಟರ್ ಒಬ್ಬರ ತುಂಡಿಗೆ ಜಾಸ್ತಿ. ತಮ್ಮದಕ್ಕೆ ಮಾತ್ರ ಹೊಡೆದುಕೊಂಡು ಉಳಿದದ್ದನ್ನು ಚೆಲ್ಲುವವರು ಪಕ್ಕದ ಮಡಿಯ ರೋಗವನ್ನು ತಾವೇ ಕಾಯ್ದಿಟ್ಟುಕೊಂಡಂತೆ.

ಬಸವನಹುಳುವಿಗಂತೂ ಗಡಿ ಎಂಬುದೇ ಗೊತ್ತಿಲ್ಲ. ಪುಷ್ಯ ಮಳೆ ಹಿಡಿದು ನಾಲ್ಕು ದಿನ ಬಿಸಿಲು ಕಾಣದಿದ್ದರೆ ಆಫ್ರಿಕನ್ ಬಸವನಹುಳು ಎದ್ದಿತೆಂದೇ ಲೆಕ್ಕ. ಹಗಲೆಲ್ಲ ಇಟ್ಟಿಗೆ ಸಂದಿಯಲ್ಲಿ, ಹೊದಿಸಿದ ಹುಲ್ಲಿನಡಿಯಲ್ಲಿ ಮಲಗಿ ಕತ್ತಲಾದ ಮೇಲೆ ಹೊರಡುತ್ತದೆ. ಬೆಳಿಗ್ಗೆ ನೋಡಿದರೆ ನಿನ್ನೆ ನೆಟ್ಟ ಕೋಸಿನ ಸಸಿಯಿದ್ದಲ್ಲಿ ಒಂದು ಕಡ್ಡಿ. ಕಡ್ಡಿಯಿಂದ ಬೇಲಿವರೆಗೆ ಒಣಗಿದ ಗೋಂದಿನಂತೆ ಹೊಳೆಯುವ ಗೆರೆ, ಕಳ್ಳ ತಾನು ಹೋದ ದಾರಿ ಗುರುತು ಮಾಡಿಟ್ಟು ಹೋದ ಹಾಗೆ. ಸಂಜೆ ಗೋಣಿಚೀಲವನ್ನು ನೀರಲ್ಲಿ ಅದ್ದಿ, ಒಳಗೆ ಪರಂಗಿ ಎಲೆ, ಕೋಸಿನ ಹೊರ ಎಲೆ ತುರುಕಿ ಮಡಿಯ ಅಂಚಿಗೆ ಹಾಸಬೇಕು. ಬಿಸಿಲೇರುವ ಮೊದಲು ಚೀಲ ಎತ್ತಿದರೆ ಅಡಿಯಲ್ಲಿ ಸಂಸಾರ ಸಮೇತ ಕೂತಿರುತ್ತವೆ. ಕೈಗೆ ಗ್ಲೌಸ್ ಹಾಕಿಕೊಂಡೇ ಹೆಕ್ಕಬೇಕು. ಮಿದುಳಿನ ಪೊರೆಗೆ ತೊಂದರೆ ಕೊಡುವ ಪರೋಪಜೀವಿ ಇದರಲ್ಲಿ ಇರಬಹುದು. ಗಟ್ಟಿ ಉಪ್ಪುನೀರಿನ ಬಕೆಟ್‌ಗೆ ಹಾಕಿ, ಸತ್ತ ಮೇಲೆ ದೂರದಲ್ಲಿ ಹೂಳುವುದು. ಹೊಸಬರು ಸಿಟ್ಟಿನಲ್ಲಿ ಮಡಿಗೇ ಉಪ್ಪು ಎರಚುತ್ತಾರೆ. ಹುಳುವಿನ ಜೊತೆ ಮಣ್ಣೂ ಕೆಟ್ಟಿತು. ಕೆದಕುವಾಗ ಹಳದಿ ಬಟಾಣಿಯಂಥ ಮೊಟ್ಟೆಗಳ ಗೊಂಚಲು ಕಂಡರೆ ಅದನ್ನೂ ಅದೇ ಬಕೆಟ್‌ಗೆ. ಇದನ್ನೆಲ್ಲ ಒಂದೇ ಸಂಜೆ ಎಲ್ಲ ತುಂಡುಗಳಲ್ಲೂ ಮಾಡಬೇಕು. ಒಬ್ಬರು ಮಾತ್ರ ಚೀಲ ಹಾಸಿದರೆ ಅವರು ಇಡೀ ಬಡಾವಣೆಯ ಹುಳುಗಳಿಗೆ ಊಟಕ್ಕೆ ಎಲೆ ಹಾಕಿದಂತೆ.

ಕಳೆಯ ದಿನಕ್ಕೆ ಜನ ಸೇರಿಸಲು ಒಂದು ಉಪಾಯ ಇದೆ: ಬೆರಕೆಸೊಪ್ಪು ಬಲ್ಲ ಹಳ್ಳಿ ಕಡೆಯ ಒಬ್ಬ ಅಜ್ಜಿಯನ್ನು ಕರೆತರುವುದು. ನಾವು ಕಿತ್ತು ಎಸೆಯುವ ಅಣ್ಣೆಸೊಪ್ಪು, ಗಣಿಕೆ, ಗೋಣಿಸೊಪ್ಪುಗಳನ್ನು ಅವರು ಮಡಿಲಿಗೆ ತುಂಬಿಕೊಳ್ಳುತ್ತಾರೆ. “ಅಯ್ಯೋ, ಬಿಸಾಕ್ಬೇಡವ್ವ, ಮಸ್ಸೊಪ್ಪಿಗಾಯ್ತದೆ” ಅಂದದ್ದು ಕಿವಿಗೆ ಬಿದ್ದದ್ದೇ ಅರ್ಧ ಗಂಟೆಯಲ್ಲಿ ಮಡಿ ಚೊಕ್ಕ. ಕಾಂಗ್ರೆಸ್ ಗಿಡಕ್ಕೆ ಆ ಭಾಗ್ಯವಿಲ್ಲ, ಹೂ ಬಿಡುವ ಮೊದಲೇ ಕೀಳಬೇಕು. ಜೇಕನ್ನು ಮೇಲಿಂದ ಎಳೆದರೆ ಗೆಡ್ಡೆ ಒಳಗೇ ಉಳಿದು ವಾರದಲ್ಲಿ ನಗುತ್ತಾ ಬರುತ್ತದೆ. ಸನಿಕೆ ಹಾಕಿ ಗೆಡ್ಡೆ ಸಮೇತ ಎತ್ತಬೇಕು.

ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆಯ ಬಾಗಿಲು ತೆರೆಯುತ್ತದೆ. ಆ ಹೊತ್ತಿಗೆ ಆಲೂಗೆಡ್ಡೆ ಖಾಲಿಯಾದ ಮಡಿಗೆ ಕ್ಯಾರೆಟ್, ಬೀನ್ಸ್, ಕೊತ್ತಂಬರಿ ಬೀಳಬೇಕು. ಆದರೆ ಊರಿಗೇ ನೆಂಟರು, ತೋಟಕ್ಕೆ ಬರುವವರು ಯಾರು? ಬೇಲಿಗೆ ಹಬ್ಬಿಸಿದ ಅವರೆ ಮಾತ್ರ ತನ್ನ ಪಾಡಿಗೆ ಬೆಳೆಯುತ್ತಿರುತ್ತದೆ. ಪುಷ್ಯ, ಆಶ್ಲೇಷದಲ್ಲಿ ಹಾಕಿದ ನಾಟಿ ಅವರೆ ಹಗಲು ಗಿಡ್ಡವಾಗುವ ತನಕ ಹೂ ಬಿಡುವುದಿಲ್ಲ. ಸೆಪ್ಟೆಂಬರ್‌ನಲ್ಲಿ “ಬರೀ ಎಲೆ, ಗೊಡ್ಡು” ಎಂದು ಕಿತ್ತು ಹಾಕಿದವರು ಸಂಕ್ರಾಂತಿಗೆ ಹಿತುಕಿದಬೇಳೆಯನ್ನು ಕೊಂಡೇ ತರುತ್ತಾರೆ. ಕಾಯುವ ಪುರುಸೊತ್ತಿಲ್ಲದವರು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಎಚ್‌ಎ–4 ಅವರೆ ತಳಿ ಹಾಕಬಹುದು. ಅದು ಹಗಲಿನ ಲೆಕ್ಕ ಇಡುವುದಿಲ್ಲ, ವರ್ಷದ ಯಾವ ಕಾಲಕ್ಕೂ ಕಾಯಿ ಕೊಡುತ್ತದೆ. ಇಬ್ಬನಿ ಕುಡಿದ ನಾಟಿ ಕಾಯಿಯ ಸೊಗಡು ಅದಕ್ಕಿಲ್ಲ ಎನ್ನುವವರ ಪಕ್ಷ ನನ್ನದು. ಬೇಲಿಯಾಚೆ ಜೋತ ಕಾಯಿ ಯಾರದ್ದು ಎಂಬ ವ್ಯಾಜ್ಯ ಪ್ರತಿ ಡಿಸೆಂಬರಿನದು. ದಾರಿಹೋಕರದ್ದು ಎಂದು ಮೊದಲೇ ಬರೆದಿಟ್ಟುಕೊಳ್ಳುವುದು ಕ್ಷೇಮ.

ಮಾರ್ಚ್ ಬಂತೆಂದರೆ ನೀರು. 100 ಚದರಡಿಗೆ ದಿನಕ್ಕೆ 45 ಲೀಟರ್, ಅಂದರೆ ಮೂರು ಬಿಂದಿಗೆ, ಬೆಳಿಗ್ಗೆ 8ರೊಳಗೆ. ಎರಡು ಇಂಚು ರಾಗಿಹುಲ್ಲು ಹೊದಿಸಿದರೆ ಎರಡೇ ಬಿಂದಿಗೆ ಸಾಕಾಗಬಹುದು. ಮಳೆಗಾಲ ಹತ್ತಿರವಾದಾಗ ಆ ಹುಲ್ಲು ತೆಗೆಯದಿದ್ದರೆ ಬಸವನಹುಳುವಿಗೆ ಬಾಡಿಗೆಯಿಲ್ಲದ ಮನೆ. ಏಪ್ರಿಲ್ ರಜೆಗೆ ಅರ್ಧ ಬಡಾವಣೆ ಊರು ಬಿಡುತ್ತದೆ. ಹೊರಡುವ ಮುನ್ನ ನಲ್ಲಿ ಪಕ್ಕದ ಮೊಳೆಗೆ ನೇತುಹಾಕಿದ ನೋಟ್‌ಬುಕ್ಕಿನಲ್ಲಿ ಬರೆದು ಹೋಗಬೇಕು: ಯಾವ ತುಂಡು, ಎಷ್ಟು ದಿನ, ಎಷ್ಟು ಬಿಂದಿಗೆ. ನೀರು ಹಾಕಿದವರು ಅದರ ಕೆಳಗೆ ಗೆರೆ ಎಳೆಯುತ್ತಾರೆ. ಊರಿಂದ ಬಂದವರು ಹಲಸಿನ ಹಪ್ಪಳ ತಂದು ಕೊಡುತ್ತಾರೆ, ಅದನ್ನು ಯಾರೂ ಬೇಡ ಎನ್ನುವುದಿಲ್ಲ. ಗೆರೆ ಮಾತ್ರ ಹಾಗೇ ಇರುತ್ತದೆ, ರೋಹಿಣಿಯಲ್ಲಿ ಗೆಡ್ಡೆ ಕತ್ತರಿಸುವ ದಿನದವರೆಗೆ.